ಗಾಡಿಗೆ ಯಾವ ಬ್ಯಾಟರಿ?

ಕಥೆ, ಕವನ, ಹನಿಗವನಗಳ ನಡುವೆ ಇದೇನಪ್ಪಾ ಬ್ಯಾಟರಿ ಪುರಾಣ ಅಂತ ಮೂಗು ಮುರಿಯಬೇಡಿ. ನಮ್ಮ ಸಂಘದ ಸಭೆಗೆ ಬರುವವರನ್ನೇ ಒಮ್ಮೆ ಎಣಿಸಿ ನೋಡಿ. ಒಬ್ಬನ ಅಪ್ಪ ಟ್ಯಾಕ್ಸಿ ಓಡಿಸುತ್ತಾರೆ. ಒಬ್ಬಳ ಅಣ್ಣ ಹೋಟೆಲುಗಳಿಗೆ ತರಕಾರಿ ಮುಟ್ಟಿಸುವ ಟೆಂಪೋ ಇಟ್ಟಿದ್ದಾನೆ. ಇನ್ನೊಬ್ಬರ ಮನೆಯಲ್ಲಿ ಸಾಲ ಮಾಡಿ ತಂದ ಸೆಕೆಂಡ್ ಹ್ಯಾಂಡ್ ಕಾರು, ವರ್ಷಕ್ಕೆ ಎರಡು ಸಲ ಊರಿಗೆ ಹೋಗಿ ಬರೋದಕ್ಕೆ ಅಂತ, ಬಿಲ್ಡಿಂಗಿನ ಕೆಳಗೆ ಧೂಳು ಹೊದ್ದು ನಿಂತಿದೆ. ಈ ಗಾಡಿಗಳಿಗೆಲ್ಲ ಮೂರು-ನಾಲ್ಕು ವರ್ಷಕ್ಕೊಮ್ಮೆ ಬ್ಯಾಟರಿ ಬದಲಾಯಿಸಲೇಬೇಕು. ಸಣ್ಣ ಗಾಡಿಗೇ ನಾಲ್ಕೈದು ಸಾವಿರದ ಮಾತು. ಅಷ್ಟು ದುಡ್ಡು ಎಣಿಸಿ ಕೊಡುವಾಗ ನಮ್ಮವರು ಕೇಳುವ ಪ್ರಶ್ನೆ ಎರಡೇ. ಎಷ್ಟಕ್ಕೆ ಕೊಡ್ತೀಯ? ಗ್ಯಾರಂಟಿ ಎಷ್ಟು ವರ್ಷ? ಈ ಬ್ಯಾಟರಿ ನನ್ನ ಗಾಡಿಗೆ ಸರಿಯಾದದ್ದೇ ಎಂಬ ಪ್ರಶ್ನೆಯನ್ನು ಅಂಗಡಿಯವನಿಗೇ ಬಿಟ್ಟುಬಿಡುತ್ತಾರೆ.

ನಾನು ಎಂಜಿನಿಯರಿಂಗ್ ಓದಿದವನಲ್ಲ, ಕಾಮರ್ಸ್ ವಿದ್ಯಾರ್ಥಿ. ಆದರೆ ಸಾಯಂಕಾಲ ಕುರ್ಲಾ ಕಡೆಯ ಒಂದು ಬ್ಯಾಟರಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಿಲ್ಲು, ವಾರಂಟಿ ಕಾರ್ಡು, ವಾಪಸು ಬಂದ ಮಾಲು, ಇವೆಲ್ಲ ನನ್ನ ಕೈಯಿಂದಲೇ ದಾಟಿ ಹೋಗುತ್ತವೆ. ಅಲ್ಲಿ ಒಬ್ಬ ಹಳೆಯ ಎಲೆಕ್ಟ್ರಿಷಿಯನ್ ಇದ್ದಾರೆ, ಎಲ್ಲರೂ ಉಸ್ತಾದ್ ಅಂತಲೇ ಕರೆಯುತ್ತಾರೆ. ನಾನು ಕೇಳಿದ್ದಕ್ಕೆ ಬೇಸರಿಸದೆ ಬಿಡಿಸಿ ಹೇಳುತ್ತಾರೆ. ಅವರಿಂದ ಕಲಿತದ್ದನ್ನೂ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಕನ್ನಡದಲ್ಲೇ ಓದಿದ್ದನ್ನೂ ಕೂಡಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತೀರ್ಮಾನ ಮಾಡಿಕೊಳ್ಳೋಣ. ಬ್ಯಾಟರಿಯ ಸೈಜು ಅಂದರೆ ಒಂದು ಅಂಕಿ ಅಲ್ಲ. ಅಂಗಡಿಗೆ ಬಂದವರು "ಮೂವತ್ತೈದರದ್ದು ಕೊಡಿ" ಅನ್ನುತ್ತಾರೆ, ಚಪ್ಪಲಿ ಅಂಗಡಿಯಲ್ಲಿ ಎಂಟು ನಂಬರು ಕೇಳಿದ ಹಾಗೆ. ಚಪ್ಪಲಿಗೆ ಒಂದು ನಂಬರು ಸಾಕು. ಬ್ಯಾಟರಿಗೆ ಸಾಲದು. ಡಬ್ಬ ಗಾಡಿಯ ತಟ್ಟೆಯಲ್ಲಿ ಕೂರಬೇಕು, ಟರ್ಮಿನಲ್ಲುಗಳು ತಂತಿ ಮುಟ್ಟುವ ಜಾಗದಲ್ಲಿ ಇರಬೇಕು, ಒಳಗಿನ ಬಲ ಎಂಜಿನ್ನಿಗೆ ಸಾಲಬೇಕು. ಆಂಪಿಯರ್-ಅವರ್ ಎಂಬ ಆ ಮೂವತ್ತೈದು ಇವುಗಳಲ್ಲಿ ಮೂರನೆಯದರ ಒಂದು ತುಂಡು ಮಾತ್ರ.

ಒಳಗೆ ಏನಿದೆ ಅನ್ನೋದನ್ನು ಬೇಗ ಹೇಳಿ ಮುಗಿಸುತ್ತೇನೆ. ಸೀಸದ ತಗಡುಗಳು, ಗಂಧಕಾಮ್ಲ ಬೆರೆತ ನೀರು. 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಮಾಡಿ ತೋರಿಸಿದ್ದು ಇದನ್ನೇ, ಇಂದಿಗೂ ನಮ್ಮ ಗಾಡಿಗಳಲ್ಲಿ ಇರುವುದು ಇದರ ಮರಿಮಕ್ಕಳೇ. ಒಂದೊಂದು ಕೋಶ ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತದೆ; ಆರು ಕೋಶ ಸಾಲಾಗಿ ಜೋಡಿಸಿದರೆ ಹನ್ನೆರಡು ವೋಲ್ಟಿನ ಬ್ಯಾಟರಿ. ಮೊದಮೊದಲು ಮೋಟಾರು ಗಾಡಿಯನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿಯೇ ಹೊರಡಿಸಬೇಕಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮಾಡಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂತು. ಅಲ್ಲಿಂದ ಬ್ಯಾಟರಿಗೆ ದೀಪ ಉರಿಸುವುದರ ಜೊತೆಗೆ ಎಂಜಿನ್ ಎಬ್ಬಿಸುವ ಕೆಲಸವೂ ಬಿತ್ತು. ಊರ ಕಡೆ ಬ್ಯಾಟ್ರಿ ಅಂದರೆ ಕೈದೀಪ ಅಂತ ತಿಳಿಯುವವರು ಈಗಲೂ ಇದ್ದಾರೆ. ಇಲ್ಲಿ ಹೇಳುತ್ತಿರುವುದು ಎಂಜಿನ್ ಎಬ್ಬಿಸುವ ಬ್ಯಾಟರಿಯ ವಿಷಯ.

ಈಗ ಡಬ್ಬದ ಮಾತು. ಬ್ಯಾಟರಿಯ ಮೈಮೇಲೆ 38ಬಿ20ಎಲ್ ಅಂತಲೋ 55ಬಿ24ಎಲ್‌ಎಸ್ ಅಂತಲೋ ಅಚ್ಚಾಗಿರುತ್ತದೆ. ನೋಡಿದರೆ ರೈಲ್ವೆ ರಿಸರ್ವೇಶನ್ ಚಾರ್ಟಿನ ಹಾಗೆ ಕಾಣುತ್ತದೆ, ಆದರೆ ಓದಲು ಕಷ್ಟವಿಲ್ಲ. ಇದು ಜಪಾನಿನ ಪದ್ಧತಿ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಇಂಥ ಗಾಡಿಗಳು ನಮ್ಮ ರಸ್ತೆ ತುಂಬಿದವು. ಮಧ್ಯದ ಅಕ್ಷರ ಡಬ್ಬದ ಅಗಲ-ಎತ್ತರದ ಗುಂಪನ್ನು ಹೇಳುತ್ತದೆ. ಬಿ ಅಂದರೆ ಸಪೂರ, ಅಗಲ ಸುಮಾರು 13 ಸೆಂಟಿಮೀಟರ್. ಡಿ ಅಂದರೆ ದಪ್ಪ, ಸುಮಾರು 17 ಸೆಂಟಿಮೀಟರ್. ಅಕ್ಷರದ ಮುಂದಿನ 20, 24 ಎಂಬುದು ಉದ್ದ, ಅದೂ ಸೆಂಟಿಮೀಟರಿನಲ್ಲಿ. ಹಾಗಾಗಿ ಬಿ20 ಡಬ್ಬ ಸುಮಾರು 20 ಸೆಂಟಿಮೀಟರ್, ಬಿ24 ಡಬ್ಬ ಸುಮಾರು 24. ಶಾಲೆಯ ಕಂಪಾಸ್ ಪೆಟ್ಟಿಗೆಯ ಸ್ಕೇಲು ಎರಡು ಸಲ ಇಟ್ಟರೆ ಮುಗಿಯಿತು.

ಮೊದಲಿನ 38 ಅಥವಾ 55 ಆಂಪಿಯರ್-ಅವರ್ ಅಲ್ಲ. ಇಲ್ಲಿಯೇ ಜಾಸ್ತಿ ಜನ ಎಡವುತ್ತಾರೆ. ಅದು ಆ ಪದ್ಧತಿಯವರು ಬಲ ಅಳೆದು ಕೊಟ್ಟ ದರ್ಜೆ. 38ಬಿ20ಎಲ್ ನಮ್ಮಲ್ಲಿ 35 ಆಂಪಿಯರ್-ಅವರ್ ಬ್ಯಾಟರಿಯಾಗಿ ಮಾರಾಟವಾಗುತ್ತದೆ, 55ಬಿ24ಎಲ್‌ಎಸ್ 45 ಆಗಿ. "ಐವತ್ತೈದು ಅಂತ ಬರೆದಿದೆ, ನೀವು ನಲವತ್ತೈದು ಕೊಟ್ಟು ಮೋಸ ಮಾಡ್ತೀರಿ" ಅಂತ ಜಗಳ ತೆಗೆದ ಗಿರಾಕಿಗಳನ್ನು ಕಣ್ಣಾರೆ ನೋಡಿದ್ದೇನೆ.

ಫೋಕ್ಸ್‌ವ್ಯಾಗನ್, ಸ್ಕೋಡಾ ಮುಂತಾದ ಯುರೋಪ್ ಮೂಲದ ಗಾಡಿಗಳಲ್ಲಿ ಬೇರೆ ಜಾತಿ. ಅದರ ಮೇಲೆ ಡಿನ್ 44 ಎಂಬಂತೆ ಬರೆದಿರುತ್ತದೆ. ಇಲ್ಲಿ ಮಾತ್ರ 44 ಎಂದರೆ ನಿಜವಾಗಿ 44 ಆಂಪಿಯರ್-ಅವರ್. ಡಬ್ಬ ಕುಳ್ಳು, ಅಗಲ ಹೆಚ್ಚು, ಟರ್ಮಿನಲ್ಲುಗಳು ಮೇಲೆ ಎದ್ದು ನಿಲ್ಲದೆ ಮೂಲೆಯ ತಗ್ಗಿನಲ್ಲಿ ಕೂತಿರುತ್ತವೆ. ಬಿಗಿಯುವ ರೀತಿಯೂ ಬೇರೆ. ಜಪಾನಿ ಡಬ್ಬಕ್ಕೆ ಮೇಲೊಂದು ಪಟ್ಟಿ ಇಟ್ಟು, ಎರಡು ಬದಿ ಕೊಕ್ಕೆ ಸರಳು ಹಾಕಿ ನಟ್ಟು ಬಿಗಿಯುತ್ತಾರೆ. ಡಿನ್ ಡಬ್ಬದ ಬುಡದಲ್ಲಿ ಒಂದು ಅಂಚು ಇರುತ್ತದೆ, ಅದನ್ನು ಕೆಳಗಿನಿಂದ ಹಿಡಿಯುವ ತುಂಡನ್ನು ಬೋಲ್ಟು ಹಾಕಿ ಬಿಗಿಯುತ್ತಾರೆ. ಒಂದರ ಜಾಗದಲ್ಲಿ ಇನ್ನೊಂದು ಇಟ್ಟರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಬಿಗಿಯದಿದ್ದರೆ ಏನು ಮಹಾ ಅಂತ ಕೇಳಬಹುದು. ನನ್ನ ಸೋದರಮಾವನ ಟ್ಯಾಕ್ಸಿಯ ಕಥೆ ಕೇಳಿ. ಅವರದು ಸಿಎನ್‌ಜಿಯ ವ್ಯಾಗನ್-ಆರ್, ಇನ್ನೂ ಕಂತು ತೀರಿಲ್ಲ. ಹಳೆಯ ಬ್ಯಾಟರಿ ಹೋದಾಗ ನಡುರಸ್ತೆಯಲ್ಲಿ ಹತ್ತಿರ ಕಂಡ ಒಂದು ಅಂಗಡಿಗೆ ಹೋದರು. ಅಂಗಡಿಯವನ ಹತ್ತಿರ ಬಿ20 ಇರಲಿಲ್ಲ. "ಇದು ನಲವತ್ತೈದರದ್ದು ಸೇಟ್, ತಾಕತ್ತು ಜಾಸ್ತಿ, ಐನೂರು ಹೆಚ್ಚು ಕೊಡಿ ಸಾಕು" ಅಂತ ಬಿ24 ಇಟ್ಟುಕೊಟ್ಟ. ತಟ್ಟೆ ಇರುವುದು 20 ಸೆಂಟಿಮೀಟರಿನ ಡಬ್ಬಕ್ಕೆ. ನಾಲ್ಕು ಸೆಂಟಿಮೀಟರ್ ಹೊರಗೆ ಚಾಚಿತು. ಕೊಕ್ಕೆ ಸರಳು ಮುಟ್ಟಲಿಲ್ಲ. ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿ ಗಂಟು ಹಾಕಿ ಕಳಿಸಿದ. ಮುಂಬಯಿಯ ಮಳೆಗಾಲದ ರಸ್ತೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಪ್ರತಿ ಗುಂಡಿಗೂ ಬ್ಯಾಟರಿ ಎದ್ದು ಬೀಳುತ್ತಿತ್ತು. ಒಳಗಿನ ಸೀಸದ ತಗಡಿಗೆ ಮೆತ್ತಿರುವ ಪದಾರ್ಥ ಗೋಡೆಯ ಸುಣ್ಣದ ಹಾಗೆ. ಅಲುಗಾಡಿಸುತ್ತಾ ಇದ್ದರೆ ಉದುರಿ ತಳಕ್ಕೆ ಕೂರುತ್ತದೆ. ಏಳನೆಯ ತಿಂಗಳು ಬೆಳಗಿನ ಜಾವ ನಾಲ್ಕಕ್ಕೆ, ವಿಮಾನ ನಿಲ್ದಾಣಕ್ಕೆ ಹೋಗಬೇಕಾದ ಬಾಡಿಗೆಯವರು ಡಿಕ್ಕಿಯಲ್ಲಿ ಪೆಟ್ಟಿಗೆ ಇಟ್ಟು ಕೂತ ಮೇಲೆ, ಗಾಡಿ ಟಕ್ ಟಕ್ ಅಂದು ಸುಮ್ಮನಾಯಿತು.

ವಾರಂಟಿ ಇತ್ತಲ್ಲ ಅಂತ ಮಾವ ಕಾರ್ಡು ಹಿಡಿದುಕೊಂಡು ಹೋದರು. ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಆ ಗಾಡಿಗೆ ಹೇಳಿದ ಬ್ಯಾಟರಿ ಅಲ್ಲದಿದ್ದರೆ, ಸರಿಯಾಗಿ ಬಿಗಿಯದೆ ಇದ್ದರೆ, ವಾರಂಟಿ ಇಲ್ಲ. ಬ್ಯಾಟರಿಯ ದುಡ್ಡೂ ಹೋಯಿತು, ಎರಡು ದಿನದ ಸಂಪಾದನೆಯೂ ಹೋಯಿತು, ಆ ತಿಂಗಳ ಕಂತು ಕಟ್ಟಲು ಅತ್ತೆಯ ಬಳೆ ಗಿರವಿ ಅಂಗಡಿಗೆ ಹೋಯಿತು. ನಾಲ್ಕು ಸೆಂಟಿಮೀಟರಿನ ಬೆಲೆ ಅದು.

ಎತ್ತರವನ್ನೂ ನೋಡಬೇಕು. ಡಬ್ಬ ಎತ್ತರವಾಗಿ ಬಾನೆಟ್ ಮುಚ್ಚಿದಾಗ ಒಳಬದಿಯ ತಗಡು ಟರ್ಮಿನಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ. ಬೆಂಕಿ ಹೊತ್ತಿಕೊಳ್ಳಲು ಅಷ್ಟು ಸಾಕು.

ಇನ್ನು ಟರ್ಮಿನಲ್ಲುಗಳು. ನಮ್ಮ ಕನ್ನಡ ವಿಜ್ಞಾನ ಪುಸ್ತಕದಲ್ಲಿ ಧನ ಧ್ರುವ, ಋಣ ಧ್ರುವ ಅಂತ ಓದಿದ್ದು ನೆನಪಿದೆಯಲ್ಲ? ಕಾಮರ್ಸಿನವರಿಗೆ ಈ ಹೆಸರು ಮರೆಯೋದೇ ಇಲ್ಲ, ಒಂದು ಕಡೆ ಧನ, ಇನ್ನೊಂದು ಕಡೆ ಋಣ, ಖಾತೆ ಪುಸ್ತಕದ ಹಾಗೆ. ಧನದ ಕಂಬ ಯಾವಾಗಲೂ ಋಣದ ಕಂಬಕ್ಕಿಂತ ತುಸು ದಪ್ಪ ಇರುತ್ತದೆ, ತಂತಿ ಅದಲುಬದಲಾಗದಿರಲಿ ಅಂತ. ಕಂಬಗಳಲ್ಲೂ ಎರಡು ಜಾತಿ. ದಪ್ಪದ್ದರಲ್ಲಿ ಧನ ಸುಮಾರು ಹತ್ತೊಂಬತ್ತೂವರೆ ಮಿಲಿಮೀಟರ್, ಸಪೂರದ್ದರಲ್ಲಿ ಸುಮಾರು ಹದಿನೈದು. ಜಪಾನಿ ಸಂಕೇತದಲ್ಲಿ ಕೊನೆಗೆ ಎಸ್ ಇದ್ದರೆ, ಉದಾಹರಣೆಗೆ 46ಬಿ24ಎಲ್‌ಎಸ್, ಅದು ದಪ್ಪ ಕಂಬದ್ದು. ಅದೇ 46ಬಿ24ಎಲ್ ಸಪೂರ ಕಂಬದ್ದು. ಒಂದಕ್ಷರದ ವ್ಯತ್ಯಾಸ. ದಪ್ಪ ಕಂಬದ ಕ್ಲಾಂಪನ್ನು ಸಪೂರ ಕಂಬಕ್ಕೆ ಹಾಕಿ, ನಡುವೆ ಡಬ್ಬಿಯ ತಗಡು ಮಡಚಿ ತುರುಕುವ ಜಾಣರಿದ್ದಾರೆ. ಸ್ಟಾರ್ಟ್ ಮಾಡುವಾಗ ಆ ಸಂದಿನಲ್ಲಿ ನೂರಕ್ಕೂ ಹೆಚ್ಚು ಆಂಪಿಯರ್ ಹಾಯಬೇಕು. ಸಡಿಲ ಜೋಡಣೆ ಅಷ್ಟು ತಡೆಯೋದಿಲ್ಲ, ಕಾದು ಕರಗುತ್ತದೆ.

ಎಲ್, ಆರ್ ಎಂಬ ಅಕ್ಷರ ಧನ-ಋಣ ಯಾವ ಬದಿಗೆ ಇವೆ ಅನ್ನೋದಕ್ಕೆ. ಆದರೆ ಎಡ ಅಂದರೆ ಯಾವುದರ ಎಡ, ಎಲ್ಲಿ ನಿಂತು ನೋಡಿದಾಗ ಎಡ ಅಂತ ಹತ್ತು ಅಂಗಡಿಯವರು ಹತ್ತು ರೀತಿ ಹೇಳುತ್ತಾರೆ. ಉಸ್ತಾದರ ಉಪಾಯ ಸರಳ: ಅಕ್ಷರದ ಗೊಡವೆ ಬಿಡಿ. ಹಳೆಯ ಬ್ಯಾಟರಿಯನ್ನು ಕಂಬಗಳು ನಿಮ್ಮ ಹೊಟ್ಟೆಯ ಕಡೆಗೆ ಬರುವ ಹಾಗೆ ಇಡಿ. ಕೂಡಿಸುವ ಚಿಹ್ನೆ ಬಲಗೈಗೆ ಇದೆಯೋ ಎಡಗೈಗೆ ಇದೆಯೋ ನೋಡಿ. ಹೊಸದನ್ನೂ ಅದರ ಪಕ್ಕದಲ್ಲೇ ಹಾಗೆಯೇ ಇಟ್ಟು ನೋಡಿ. ಎರಡೂ ಅವಳಿ-ಜವಳಿ ಹಾಗೆ ಕಾಣಬೇಕು. ಬದಿ ತಪ್ಪಿದರೆ ತಂತಿ ಎಟುಕುವುದಿಲ್ಲ. ಎಳೆದು ಎಟುಕಿಸಿದರೆ ಬಿಗಿತಕ್ಕೆ ತುಂಡಾಗುತ್ತದೆ. ಗಡಿಬಿಡಿಯಲ್ಲಿ ತಿರುಗುಮುರುಗು ಹಾಕಿದರಂತೂ ಫ್ಯೂಜು ಹೋಗುವುದು ಖಂಡಿತ, ಆಲ್ಟರ್ನೇಟರಿನ ಡಯೋಡುಗಳೂ ಹೋದರೆ ಬ್ಯಾಟರಿಗಿಂತ ದೊಡ್ಡ ಖರ್ಚು.

ಈಗ ಬಲದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಅಂಗಡಿಯ ಕಟ್ಟೆಯ ಮೇಲೆ ಜಾಸ್ತಿ ವಾದ ನಡೆಯುವುದು ಇದರ ಮೇಲೇ.

35 ಆಂಪಿಯರ್-ಅವರ್ ಅಂದರೆ ಒಂದು ಗಂಟೆ 35 ಆಂಪಿಯರ್ ಕೊಡುತ್ತದೆ ಅಂತ ತಿಳಿಯಬಾರದು. ಈ ಅಳತೆ ಇಪ್ಪತ್ತು ಗಂಟೆಯದು. 35ನ್ನು 20ರಿಂದ ಭಾಗಿಸಿ, 1.75 ಬಂತು. ಆ 1.75 ಆಂಪಿಯರನ್ನು ಇಪ್ಪತ್ತು ಗಂಟೆ ಕೊಡುವ ಶಕ್ತಿ ಅದಕ್ಕಿದೆ ಅಂತ ಅರ್ಥ. ಅವಸರದಲ್ಲಿ ತೆಗೆದರೆ ಒಟ್ಟು ಮೊತ್ತವೇ ಕಡಿಮೆಯಾಗುತ್ತದೆ. ಹೆಡ್‌ಲೈಟಿನ ಎರಡು ಅರವತ್ತು ವ್ಯಾಟಿನ ಬಲ್ಬು ಉರಿದರೆ ಹತ್ತು ಆಂಪಿಯರ್. ಮೂರೂವರೆ ಗಂಟೆ ಬರಬೇಕು ಅಂತ ಗುಣಾಕಾರ ಹೇಳುತ್ತದೆ, ಮೂರು ಗಂಟೆಯೂ ಬಾಳುವುದು ಕಷ್ಟ. ಎಫ್.ಡಿ.ಯನ್ನು ಅವಧಿಗೆ ಮೊದಲೇ ಒಡೆದರೆ ಬಡ್ಡಿ ಕತ್ತರಿಸುತ್ತಾರಲ್ಲ, ಹಾಗೆ.

ಇನ್ನೊಂದು ಲೆಕ್ಕ ನೋಡಿ. ಇದನ್ನು ಮಾಡಿದಾಗ ನನಗೇ ಆಶ್ಚರ್ಯವಾಯಿತು. ಸಣ್ಣ ಪೆಟ್ರೋಲ್ ಗಾಡಿಯ ಸ್ಟಾರ್ಟರ್ 150 ಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಎರಡು ಸೆಕೆಂಡಿಗೆ ಎಂಜಿನ್ ಎದ್ದಿತು. 150ನ್ನು 2ರಿಂದ ಗುಣಿಸಿ, ಗಂಟೆಯ 3600 ಸೆಕೆಂಡಿನಿಂದ ಭಾಗಿಸಿ. ಉತ್ತರ 0.083 ಆಂಪಿಯರ್-ಅವರ್. ಮೂವತ್ತೈದರಲ್ಲಿ ಹತ್ತನೇ ಒಂದು ಪಾಲಿನಷ್ಟು ಕೂಡ ಒಂದು ಆಂಪಿಯರ್-ಅವರ್ ಖರ್ಚಾಗಲಿಲ್ಲ! ಹಾಗಾದರೆ ಗಾಡಿ ಎಬ್ಬಿಸುವುದಕ್ಕೆ ದೊಡ್ಡ ಕೊಡ ಬೇಕಾಗಿಲ್ಲ, ಕೊಡದ ಬಾಯಿ ಅಗಲವಾಗಿರಬೇಕು. ಒಂದೇ ಸಲಕ್ಕೆ ಭಳ್ಳನೆ ಸುರಿಯಬೇಕು. ಆ ಸುರಿಯುವ ಶಕ್ತಿಗೆ ಬೇರೆ ಅಳತೆ ಇದೆ, ಅದೇ ಸಿಸಿಎ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ, 12 ವೋಲ್ಟಿನ ಬ್ಯಾಟರಿ 7.2 ವೋಲ್ಟಿಗಿಂತ ಕೆಳಗೆ ಕುಸಿಯದೆ 30 ಸೆಕೆಂಡು ಎಷ್ಟು ಆಂಪಿಯರ್ ಕೊಡುತ್ತದೆ ಎಂಬುದು ಅಮೆರಿಕದ ಪದ್ಧತಿಯ ಸಿಸಿಎ. ಮುಂಬಯಿಯಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು ಅಂತ ನಗಬೇಡಿ. ಪರೀಕ್ಷೆ ಕಠಿಣ ಇರಲಿ ಅಂತ ಆ ಚಳಿ. ಒಂದೇ ಅಳತೆಯ ಎರಡು ಡಬ್ಬ ಎದುರಿಗಿದ್ದರೆ ಹೆಚ್ಚು ಸಿಸಿಎ ಇರುವುದು ಎಂಜಿನ್ ಎಬ್ಬಿಸುವುದರಲ್ಲಿ ಗಟ್ಟಿ. ಹೋಲಿಸುವಾಗ ಎರಡೂ ಒಂದೇ ಪದ್ಧತಿಯಲ್ಲಿ ಅಳೆದದ್ದೇ ಅಂತ ಮಾತ್ರ ನೋಡಿಕೊಳ್ಳಿ.

ಡೀಸೆಲ್ ಗಾಡಿಗೆ ಯಾಕೆ ದೊಡ್ಡ ಬ್ಯಾಟರಿ ಅನ್ನೋದೂ ಇದರಿಂದಲೇ ತಿಳಿಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಅದುಮಿ ಅದುಮಿ ಆ ಬಿಸಿಯಲ್ಲೇ ಡೀಸೆಲ್ ಹೊತ್ತಿಸಬೇಕು. ಅಷ್ಟು ಅದುಮಲು ಸ್ಟಾರ್ಟರಿಗೆ ಹೆಚ್ಚು ಬಲ ಬೇಕು. ಅದಕ್ಕೇ ಹೆಸರು ಒಂದೇ ಆದರೂ ಪೆಟ್ರೋಲ್ ಗಾಡಿಯ ಬ್ಯಾಟರಿ ಡೀಸೆಲಿನದಕ್ಕೆ ಬರುವುದಿಲ್ಲ. ಅಂಗಡಿಯಲ್ಲಿ ಬರೀ ಗಾಡಿಯ ಹೆಸರು ಹೇಳಿದರೆ ಸಾಲದು. ಯಾವ ವರ್ಷದ್ದು, ಪೆಟ್ರೋಲೋ ಡೀಸೆಲೋ ಅನ್ನುವುದನ್ನೂ ಹೇಳಬೇಕು. ಸಿಗ್ನಲಿನಲ್ಲಿ ನಿಂತಾಗ ತಾನೇ ಆರಿ, ಕ್ಲಚ್ ಒತ್ತಿದರೆ ತಾನೇ ಎದ್ದುಕೊಳ್ಳುವ ಗಾಡಿಗಳು ಬಂದಿವೆ. ಅವಕ್ಕೆ ದಿನಕ್ಕೆ ನೂರು ಸಲ ಏಳುವ ಕೆಲಸ. ಅವುಗಳ ಬ್ಯಾಟರಿಯ ಒಳಗಿನ ಕಟ್ಟುವಿಕೆಯೇ ಬೇರೆ, ಎಂ-42, ಎನ್-55 ಅಂತ ಸಂಕೇತವೂ ಬೇರೆ. ಬೆಲೆ ಕಡಿಮೆ ಅಂತ ಅಲ್ಲಿ ಸಾಮಾನ್ಯದ್ದನ್ನು ಹಾಕಿದರೆ ಬಹಳ ದಿನ ಬಾಳುವುದಿಲ್ಲ.

ಹಾಗಾದರೆ ತಟ್ಟೆಯಲ್ಲಿ ಸರಿಯಾಗಿ ಕೂರುವಂತಿದ್ದು ಆಂಪಿಯರ್-ಅವರ್ ಮಾತ್ರ ಸ್ವಲ್ಪ ಹೆಚ್ಚಿದ್ದರೆ? ಇದಕ್ಕೆ ಎರಡು ಪಕ್ಷ. "ದೊಡ್ಡದು ಹಾಕಿದ್ರೆ ಆಲ್ಟರ್ನೇಟರ್ ಸುಟ್ಟುಹೋಗುತ್ತೆ" ಅನ್ನುವವರು ಒಂದು ಪಕ್ಷ. "ದೊಡ್ಡದು ಹಾಕಿದಷ್ಟೂ ಒಳ್ಳೇದು" ಅನ್ನುವವರು ಇನ್ನೊಂದು. ಎರಡೂ ಅರ್ಧಂಬರ್ಧ ಮಾತು. ನಮ್ಮ ಚಾಳಿನ ನಲ್ಲಿಯನ್ನು ನೆನಪಿಸಿಕೊಳ್ಳಿ. ಬೆಳಗ್ಗೆ ನೀರು ಬರುವುದು ಇಷ್ಟೇ ಹೊತ್ತು ಅಂತ ಇರುತ್ತದೆ. ಡ್ರಮ್ಮು ಬ್ಯಾಟರಿ, ನಲ್ಲಿ ಆಲ್ಟರ್ನೇಟರ್. ಡ್ರಮ್ಮು ದೊಡ್ಡದಾದರೆ ನಲ್ಲಿ ಒಡೆಯುವುದಿಲ್ಲ. ದಿನಾ ಎರಡು ಕೊಡ ಬಳಸಿದರೆ ಎರಡು ಕೊಡ ತುಂಬಿದರಾಯಿತು, ಡ್ರಮ್ಮು ಸಣ್ಣದಿರಲಿ ದೊಡ್ಡದಿರಲಿ. ಆದ್ದರಿಂದ ತುಸು ಹೆಚ್ಚಿನದರಿಂದ ಗಾಡಿಗೆ ಅಪಾಯವಿಲ್ಲ. ಆದರೆ ಒಮ್ಮೆ ಪೂರಾ ಖಾಲಿಯಾದ ದೊಡ್ಡ ಡ್ರಮ್ಮನ್ನು ಹದಿನೈದು ನಿಮಿಷದ ನೀರಿನಲ್ಲಿ ತುಂಬಲು ಆಗುವುದಿಲ್ಲ. ಮನೆಯಿಂದ ಸ್ಟೇಷನ್ನಿಗೆ ಹೋಗಿ ಬರುವಷ್ಟೇ ಓಡುವ ಗಾಡಿಯ ಬ್ಯಾಟರಿ ಹೀಗೇ ಅರೆಹೊಟ್ಟೆಯಲ್ಲಿ ಇರುತ್ತದೆ. ಸೀಸ-ಆಮ್ಲದ ಬ್ಯಾಟರಿ ಬಹಳ ದಿನ ಅರೆಹೊಟ್ಟೆಯಲ್ಲಿದ್ದರೆ ತಗಡಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ಆಮೇಲೆ ತುಂಬಿಸಿದರೂ ತುಂಬುವುದಿಲ್ಲ. ಅಂಥವರಿಗೆ ದೊಡ್ಡ ಬ್ಯಾಟರಿಗಿಂತ ತಿಂಗಳಿಗೊಮ್ಮೆ ಚಾರ್ಜರ್ ಹಾಕಿಸುವುದು ಅಗ್ಗ.

ಗಾಡಿಗೆ ಹೇಳಿದ್ದಕ್ಕಿಂತ ಸಣ್ಣದನ್ನು ಹಾಕುವುದಂತೂ ಬೇಡವೇ ಬೇಡ. ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಏಳುತ್ತದೆ, ಅಂಗಡಿಯವನೂ ಬಚಾವಾಗುತ್ತಾನೆ.

ಬ್ಯಾಟರಿ ನಿಜವಾಗಿ ಸತ್ತಿದೆಯೇ ಅಂತ ನೋಡುವುದು ಕೊಳ್ಳುವುದಕ್ಕಿಂತ ಮೊದಲಿನ ಕೆಲಸ. ಗಾಡಿ ಕೆಲವು ಗಂಟೆ ಸುಮ್ಮನೆ ನಿಂತ ಮೇಲೆ ಮೀಟರ್ ಇಟ್ಟರೆ 12.6 ವೋಲ್ಟ್ ಇದ್ದರೆ ತುಂಬಿದೆ, 12.4 ಇದ್ದರೆ ಮುಕ್ಕಾಲು, 12ಕ್ಕೆ ಬಂದಿದ್ದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ ಸಾಧಾರಣ ಗಾಡಿಯಲ್ಲಿ 13.8ರಿಂದ 14.4ರ ತನಕ ಕಾಣಬೇಕು. ಕಾಣದಿದ್ದರೆ ತಪ್ಪು ಆಲ್ಟರ್ನೇಟರಿನದು ಅಥವಾ ಅದರ ಬೆಲ್ಟಿನದು. ಹೊಸ ಬ್ಯಾಟರಿ ಹಾಕಿದರೂ ಎರಡೇ ದಿನಕ್ಕೆ ಅದೇ ಗತಿ. ಟರ್ಮಿನಲ್ಲಿನ ಮೇಲೆ ಬಿಳಿ-ಹಸಿರು ಹಿಟ್ಟು ಕೂತು ಸಂಪರ್ಕ ತಪ್ಪಿದ್ದೂ ಉಂಟು, ಬಿಸಿನೀರು ಹಾಕಿ ಉಜ್ಜಿದರೆ ಗಾಡಿ ಎದ್ದು ಕೂರುತ್ತದೆ. ಇನ್ನು ಕಳ್ಳ ಖರ್ಚು. ಈಗ ಗಾಡಿಗೆ ಜಿಪಿಎಸ್, ಕ್ಯಾಮೆರಾ ಅಂತ ಏನೇನೋ ಸಿಕ್ಕಿಸುತ್ತಾರೆ, ಗಾಡಿ ನಿಂತರೂ ಅವು ಕುಡಿಯುತ್ತಲೇ ಇರುತ್ತವೆ. 0.1 ಆಂಪಿಯರ್ ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ದಿನಕ್ಕೆ 24 ಗಂಟೆ, 2.4 ಆಂಪಿಯರ್-ಅವರ್. ಊರಿಗೆ ಹೋಗಿ ಏಳು ದಿನ ಕಳೆದು ಬಂದರೆ 16.8, ಅಂದರೆ ಮೂವತ್ತೈದರ ಬ್ಯಾಟರಿಯಲ್ಲಿ ಅರ್ಧದ ಹತ್ತಿರ ಖಾಲಿ. ಅಂಥ ಗಾಡಿಗೆ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ, ತಂತಿ ಕಳಚಬೇಕು.

ಹೊಸದು ಕೊಳ್ಳುವಾಗ ತಯಾರಾದ ತಿಂಗಳು ಕೇಳಿ. ಅಂಗಡಿಯಲ್ಲಿ ಸುಮ್ಮನೆ ಕೂತ ಬ್ಯಾಟರಿಯೂ ತಾನಾಗಿ ಇಳಿಯುತ್ತಾ ಹೋಗುತ್ತದೆ. ಒಂದೊಂದು ಕಂಪೆನಿಯ ಗುರುತು ಒಂದೊಂದು ರೀತಿ, ಅದನ್ನು ಬಿಡಿಸಿ ಹೇಳಿ ಅಂತ ಕೇಳಲು ಸಂಕೋಚ ಬೇಡ. ಮೀಟರ್ ಇಡಿಸಿ 12.5ರ ಮೇಲಿದೆಯೇ ನೋಡಿ. 2025ರ ಸೆಪ್ಟೆಂಬರ್ 22ರಿಂದ ಇದರ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಹಳೆಯ ಬೆಲೆ ಅಚ್ಚಾದ ಡಬ್ಬ ತೋರಿಸಿದರೆ ಅದನ್ನೂ ಕೇಳಿ.

ವಾರಂಟಿ ಬಗ್ಗೆ ಕಾಮರ್ಸಿನವನಾಗಿ ಒಂದು ಲೆಕ್ಕ ಹೇಳದಿದ್ದರೆ ನನಗೆ ನಿದ್ದೆ ಬಾರದು. "ನಾಲ್ಕು ವರ್ಷ ಗ್ಯಾರಂಟಿ" ಅಂತ ಹೇಳುವುದರಲ್ಲಿ ಸಾಮಾನ್ಯವಾಗಿ ಅರ್ಧ ಮಾತ್ರ ಪುಕ್ಕಟೆ ಬದಲಿ, ಉಳಿದದ್ದು ಪ್ರೊ-ರೇಟಾ, ಅಂದರೆ ಬಳಸಿದಷ್ಟು ಸವಕಳಿ ಕಳೆದು ರಿಯಾಯಿತಿ. ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಅಚ್ಚಾದ ಬೆಲೆ 5,000. ಹಳೆಯದನ್ನು ಕೊಟ್ಟರೆ ಅಂಗಡಿಯಲ್ಲಿ ಹೊಸದು 4,000ಕ್ಕೆ ಸಿಗುತ್ತದೆ. ಮೂರನೇ ವರ್ಷ ಕೆಟ್ಟಿತು, ಶೇಕಡಾ 30 ರಿಯಾಯಿತಿ. ಈ ರಿಯಾಯಿತಿ ಲೆಕ್ಕ ಹಾಕುವುದು ಅಚ್ಚಾದ ಬೆಲೆಯ ಮೇಲೆ: 5,000ದಲ್ಲಿ 1,500 ಕಳೆದು 3,500 ಕೊಡಬೇಕು, ಹಳೆಯದನ್ನೂ ಒಪ್ಪಿಸಬೇಕು. ಪಕ್ಕದ ಅಂಗಡಿಯಲ್ಲಿ ಸುಮ್ಮನೆ ಕೊಂಡಿದ್ದರೆ 4,000. ಮಹಾ ವಾರಂಟಿಯ ಲಾಭ ಐನೂರು ರೂಪಾಯಿ! ಆದ್ದರಿಂದ ಕಾರ್ಡಿನಲ್ಲಿ ಒಟ್ಟು ತಿಂಗಳು ನೋಡಬೇಡಿ, ಪುಕ್ಕಟೆಯ ತಿಂಗಳು ಎಷ್ಟು ಅಂತ ನೋಡಿ. ಟ್ಯಾಕ್ಸಿಗೆ ವಾರಂಟಿ ಕಡಿಮೆ ಅಂತ ಎಷ್ಟೋ ಕಾರ್ಡುಗಳಲ್ಲಿ ಬರೆದಿರುತ್ತದೆ, ಅಪ್ಪಂದಿರಿಗೆ ಓದಿ ಹೇಳಿ. ಇಂಗ್ಲಿಷಿನ ಸಣ್ಣ ಅಕ್ಷರವನ್ನು ಅವರಿಗೆ ಬಿಡಿಸಿ ಹೇಳದಿದ್ದರೆ ನಾವು ಕಾಲೇಜಿಗೆ ಹೋಗಿ ಏನು ಬಂತು?

ಬದಲಿಸುವಾಗ ಮೊದಲು ಋಣ ಕಳಚಬೇಕು, ಆಮೇಲೆ ಧನ. ಹೊಸದನ್ನು ಹಾಕುವಾಗ ಮೊದಲು ಧನ ಕೂಡಿಸಬೇಕು, ಕೊನೆಗೆ ಋಣ. ಹಿರಿಯರ ಗಾದೆಯ ಹಾಗೆ ಕೇಳಿಸಿದರೂ ಇದಕ್ಕೆ ಗಟ್ಟಿ ಕಾರಣವಿದೆ. ಗಾಡಿಯ ಮೈಯೆಲ್ಲ ಋಣಕ್ಕೆ ಸೇರಿದ್ದು. ಋಣ ಜೋಡಿಸಿದ್ದಾಗಲೇ ಧನದ ನಟ್ಟು ಬಿಚ್ಚಲು ಹೋಗಿ ಪಾನಾ ಗಾಡಿಯ ತಗಡಿಗೆ ತಾಗಿದರೆ ಪಾನಾವೇ ಕೆಂಪಗೆ ಕಾಯುತ್ತದೆ. ಋಣ ಹರಿದ ಮೇಲೆ ಎಲ್ಲಿ ತಾಗಿದರೂ ಚಿಂತೆಯಿಲ್ಲ. ಕೈಯಲ್ಲಿ ಕಡಗ, ಉಂಗುರ ಇದ್ದರೆ ತೆಗೆದಿಡಿ. ಹತ್ತಿರ ಬೀಡಿ-ಸಿಗರೇಟು ಬೇಡ, ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ.

ಹಳೆಯದನ್ನು ಭಂಗಾರದವನಿಗೆ ಮಾರಬೇಡಿ. ಐವತ್ತು-ನೂರು ರೂಪಾಯಿ ಹೆಚ್ಚು ಕೊಡಬಹುದು. ಆದರೆ ಅದನ್ನು ಯಾವುದೋ ಗಲ್ಲಿಯಲ್ಲಿ ಸುತ್ತಿಗೆಯಿಂದ ಒಡೆದು, ಆಮ್ಲವನ್ನು ಗಟಾರಕ್ಕೆ ಚೆಲ್ಲಿ, ಸೀಸವನ್ನು ಬಯಲಿನಲ್ಲಿ ಕರಗಿಸುತ್ತಾರೆ. ಆ ಹೊಗೆ ಪಕ್ಕದ ಮನೆಯ ಮಕ್ಕಳ ರಕ್ತಕ್ಕೆ ಸೇರುತ್ತದೆ, ಸೀಸ ಮಕ್ಕಳ ಮಿದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸು ಪಡೆದು ಸರಿಯಾದ ಕಾರ್ಖಾನೆಗೆ ಮುಟ್ಟಿಸುವ ಹೊಣೆ ತಯಾರಕರದು. ಹೊಸದನ್ನು ಕೊಂಡ ಅಂಗಡಿಯಲ್ಲೇ ಕೊಟ್ಟುಬಿಡಿ. ಹಳೆಯದಕ್ಕೆ ಕಳೆದ ಮೊತ್ತ ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ಕಾಣಬೇಕು. ಕಾಣದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ.